ಕಾಶಿಯ ಕೊರಳಪಟ್ಟಿ

ಅಕ್ಷತಾ, ಸಂಗು, ನಿಮ್ಮ ಅಜ್ಜಿ, ಈ ಆಯಿ, ಧೈರ್ಯವಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಮನುಷ್ಯರ ಅಂಜಿಕೆಯೇ ಸಾಕಷ್ಟಿತ್ತು. ಈ ವಯಸ್ಸಿನಲ್ಲಿ ಯಂತ್ರಗಳ ಅಂಜಿಕೆಯೂ ಬಂದು ಸೇರಿತು. ನಿಮ್ಮ ಅಜ್ಜ ಇದ್ದಾಗ ಮನೆಗೆ ಯಾರೇ ಬರಲಿ, ಪಡಸಾಲೆಯಲ್ಲಿ ಕುಳಿತು ಅವರೇ ಮಾತಾಡುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಚಹಾದ ಕಪ್ಪು ಮುಂದೆ ಸರಿಸುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೂ ನಾನು ಬಾಗಿಲ ಹಿಂದೆಯೇ ಉಳಿದೆ, ಮುಂದೆ ಕುಳಿತು ಮಾತಾಡುವವರು ಇಲ್ಲವಾದರು. ಆದಷ್ಟು ಯಾರ ಕಣ್ಣಿಗೂ ಬೀಳದಂತೆ ಬದುಕುವುದನ್ನು ರೂಢಿ ಮಾಡಿಕೊಂಡೆ. ಅಂಥವಳ ಮನೆಗೇ ಕಂಡದ್ದನ್ನೆಲ್ಲ ಹೊರಗೆ ಹೇಳುವ ಯಂತ್ರಗಳು ಬಂದವು.

ತಂದವಳು ನಿಮ್ಮವ್ವ ಶೈಲಾ. ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ, ಅದೂ ಸಂಶಿ ಊರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲೇ ಕುಳಿತು. ಕಂಪನಿಯವರು ಕಳಿಸುವ ಯಂತ್ರಗಳ ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ. ಒಮ್ಮೆ ನೀರಿನ ಟಾಕಿಯಲ್ಲಿ ಒಂದು ಕಡ್ಡಿ ಇಳಿಬಿಟ್ಟಳು. ಟಾಕಿ ತುಂಬಿದರೆ ಫೋನು ಹೇಳುತ್ತಿತ್ತು. ನೀರು ತುಂಬಿ ಸುರಿಯುವ ಸಪ್ಪಳ ನನಗೂ ಕೇಳುತ್ತಿತ್ತು, ಆದರೆ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಇನ್ನೊಮ್ಮೆ ಮಾತು ಕೇಳಿ ಹತ್ತುವ ದೀಪ ಬಂತು. ದೀಪವನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ತಿಳಿಯದೆ, ಕೇಳಲು ನಾಚಿಕೆಯಾಗಿ, ಒಂದು ಸಂಜೆ ಪೂರ್ತಿ ಕತ್ತಲಲ್ಲೇ ಕುಳಿತಿದ್ದೆ. ಈ ಸುದ್ದಿಯೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕ್ಲೌಡಿಗೆ ಎಂದಳು. ಅದು ಎಲ್ಲಿದೆ ಎಂದರೆ, ಎಲ್ಲೋ ದೂರದಲ್ಲಿ ಬೇರೆಯವರು ಇಟ್ಟುಕೊಂಡ ಕಂಪ್ಯೂಟರು, ನಮ್ಮ ಲೆಕ್ಕವನ್ನು ಅದು ಕಾಯುತ್ತದೆ ಎಂದಳು. ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಓಣಿಯ ಪಾರವ್ವನಿಗೂ ಹೇಳದ ಮನೆಯ ಮಾತು, ಮುಖ ಕಾಣದವರ ಮನೆಯಲ್ಲಿ ಹೋಗಿ ಕುಳಿತಿತ್ತು.

ಇಷ್ಟಕ್ಕೇ ನಿಲ್ಲದೆ ನಮ್ಮ ಎಮ್ಮೆ ಕಾಶಿಯ ಕೊರಳಿಗೂ ಒಂದು ಪಟ್ಟಿ ಬಂತು. ಎಮ್ಮೆ ಎಷ್ಟು ನಡೆಯಿತು, ಎಷ್ಟು ಹೊತ್ತು ಮಲಗಿತು, ಬೆದೆಗೆ ಬಂದಿತೋ ಇಲ್ಲವೋ ಎಂಬುದನ್ನೆಲ್ಲ ಆ ಪಟ್ಟಿ ತಿಳಿಸುತ್ತದಂತೆ. ಈ ಕೆಲಸ ಚೆನ್ನಾಗಿ ಆದರೆ ಶೈಲಾಳಿಗೆ ಬಡ್ತಿ ಎಂದು ನಿಮ್ಮಪ್ಪ ಹೇಳಿದ. ಆಗಿನಿಂದ ಆ ಪಟ್ಟಿಯನ್ನು ನೋಡಿದರೆ ಗಾಜಿನ ಪಾತ್ರೆ ಹಿಡಿದಷ್ಟು ಹೆದರಿಕೆ ನನಗೆ.

ಕಾಶಿಗೆ ಆ ಹೆದರಿಕೆ ಇರಲಿಲ್ಲ. ಪಟ್ಟಿಯಲ್ಲಿ ಒಂದು ನೀಲಿ ದೀಪ ಮಿನುಗುತ್ತಿತ್ತು. ಹಿಂಡಲು ಕುಳಿತರೆ ಅವಳು ಆ ದೀಪವನ್ನೇ ಓರೆಗಣ್ಣಿಂದ ನೋಡುತ್ತ ಹಾಲು ಬಿಡದೆ ಬಿಗಿಹಿಡಿಯುತ್ತಿದ್ದಳು. ಕೊನೆಗೆ ಪಟ್ಟಿ ಬಿಚ್ಚಿ ಗೂಟಕ್ಕೆ ಸಿಗಿಸಿ ಹಿಂಡಿದೆ. ಹಾಲು ಧಾರಾಳವಾಗಿ ಇಳಿಯಿತು. ಆದರೆ ಅಷ್ಟರಲ್ಲಿ ಮಾಳಿಗೆಯಿಂದ ಶೈಲಾ ಓಡಿ ಬಂದಳು. ಎಮ್ಮೆಗೆ ಚಲನೆಯೇ ಇಲ್ಲ, ಕೂಡಲೇ ನೋಡಿ ಎಂದು ಫೋನಿಗೆ ಬಂದಿತ್ತಂತೆ. ಅವಳು ಕೊಟ್ಟಿಗೆ ಮುಟ್ಟುವುದರೊಳಗೆ ಪಟ್ಟಿ ಕಾಶಿಯ ಕೊರಳಲ್ಲಿತ್ತು; ನಾನು ಸಗಣಿ ಬಳಿಯುತ್ತಿದ್ದೆ.

ಮರುದಿನ ನನಗೆ ಒಂದು ಉಪಾಯ ಹೊಳೆಯಿತು. ಪಟ್ಟಿಗೆ ಬೇಕಾದದ್ದು ಅಲುಗಾಟ ತಾನೆ? ಮನೆಯಲ್ಲಿ ಕಾಶಿಗಿಂತ ಹೆಚ್ಚು ಅಲುಗಾಡುವುದೆಂದರೆ ಸಂಗು, ನಿನ್ನ ತೊಟ್ಟಿಲು. ಪಟ್ಟಿಯನ್ನು ಕರಿ ಬಟ್ಟೆಯಲ್ಲಿ ಸುತ್ತಿ, ದೃಷ್ಟಿಯ ದಾರಗಳ ನಡುವೆ ತೊಟ್ಟಿಲ ಹಗ್ಗಕ್ಕೆ ಕಟ್ಟಿದೆ. ಹಿಂಡಿ ಮುಗಿಸಿ ಮತ್ತೆ ಎಮ್ಮೆಗೆ ಹಾಕಬೇಕೆಂದೇ ಇತ್ತು. ಆದರೆ ಅದರ ಕೊಂಡಿ ಬಿಗಿ, ಕಾಶಿಯ ಕೋಡು ದೊಡ್ಡದು, ನಿನಗೆ ಹಲ್ಲು ಬರುವ ಹೊತ್ತು. ನೀನು ಅಳುವುದು, ನಾನು ತೂಗುವುದು, ಹೀಗೇ ಪಟ್ಟಿ ಅಲ್ಲೇ ಉಳಿಯಿತು. ನಿಮ್ಮವ್ವ ಆ ಗಂಟನ್ನು ನೋಡಿದ್ದಳಂತೆ. ಅತ್ತೆ ಮತ್ತೇನೋ ದೃಷ್ಟಿಗೆ ಕಟ್ಟಿದ್ದಾರೆ, ಕೇಳಿದರೆ ಬೇಸರವಾದೀತು ಎಂದು ಸುಮ್ಮನಾಗಿದ್ದಳು. ಮನೆಯಲ್ಲಿ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟರೆ ಹೀಗೂ ಆಗುತ್ತದೆ.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳು ಕೆಳಗಿಳಿದು ಬಂದು, "ಅತ್ತೀ, ಕಾಶಿ ಮತ್ತ ಬೆದಿಗೆ ಬಂದಾಳ್ರಿ. ಹಿಂದ ಹಾಕಿಸಿದ್ದ ಗಬ್ಬದ ಸೂಜಿ ನಿಂತಿಲ್ಲ. ಡಾಕ್ಟರ್‌ನ ಕರದೀನಿ, ಇನ್ನೊಂದ್ ಸೂಜಿ ಹಾಕಿಸಿಬಿಡೂಣು" ಎಂದಳು.

ಯಾರು ಹೇಳಿದರು ಎಂದೆ. ಕ್ಲೌಡಿನಲ್ಲಿದೆ, ಎರಡು ದಿನದಿಂದ ಕಾಶಿ ನಿಂತಲ್ಲಿ ನಿಂತಿಲ್ಲ, ಇಂಥ ಚಡಪಡಿಕೆ ಬೆದೆಯದೇ ಎಂದಳು. ನನ್ನ ಕೈಯ ರೊಟ್ಟಿ ಹರಿಯಿತು. ಕಾಶಿಗೆ ಗಬ್ಬ ನಿಂತಿದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹಿಂದಿನ ಸಲದ ಗಬ್ಬ ನಡುವೆಯೇ ಹೋಗಿ, ಅವಳು ಮೇವು ಬಿಟ್ಟು ಮಲಗಿದ್ದನ್ನು ಕಂಡವಳು ನಾನು. ಗಬ್ಬದ ಎಮ್ಮೆಗೆ ಮತ್ತೆ ಸೂಜಿ ಹಾಕಿದರೆ ಒಳಗಿನ ಕರು ಉಳಿಯುವುದಿಲ್ಲ ಎಂದು ಕೇಳಿದ್ದೆ. ತೊಟ್ಟಿಲಿನ ಮಾತು ಹೇಳಿದರೆ ಸೊಸೆಯ ಕೆಲಸ ಹೋಗುತ್ತದೆ, ಹೇಳದಿದ್ದರೆ ಕಾಶಿಯ ಕರು ಹೋಗುತ್ತದೆ. ಬಾಯಿ ತೆರೆದೆ, ಬಂದದ್ದು, ಚಹಾ ಮಾಡಲೇನವ್ವ ಎಂಬ ಮಾತು.

ಹೇಳಲು ಬಾರದವರು ಮಾಡುವುದನ್ನೇ ಮಾಡಿದೆ. ಕಾಶಿಯನ್ನು ಬಿಚ್ಚಿಕೊಂಡು ಹಿತ್ತಲ ದಾರಿಯಿಂದ ಪಾರವ್ವನ ಮನೆಗೆ ಹೋದೆ.

"ಯಾಕಬೇ ಅಕ್ಕಾ, ನಿನ್ನ ಎಮ್ಮಿ ನೀನ ಕದ್ದು ಒಯ್ಯಾಕತ್ತೀ?" ಎಂದಳು ಪಾರವ್ವ.

ಸಂಜೆಗೆ ಹೇಳುತ್ತೇನೆ ಎಂದು ಕಾಶಿಯನ್ನು ಅವಳ ಜೋಳದ ಕಣಿಕೆ ಬಣವೆಯ ಹಿಂದೆ ಕಟ್ಟಿ, ಏನೂ ತಿಳಿಯದವಳಂತೆ ಬಂದು ಪಡಸಾಲೆಯ ತೊಟ್ಟಿಲು ತೂಗುತ್ತ ಕುಳಿತೆ. ಡಾಕ್ಟರು ಆಗಲೇ ಬಂದಿದ್ದರು. ಕೊಟ್ಟಿಗೆ ಖಾಲಿ. ಶೈಲಾ ಫೋನು ನೋಡಿ, ಎಮ್ಮೆ ಮನೆಯಲ್ಲೇ ಇದೆ, ಈಗಲೂ ಓಡಾಡುತ್ತಿದೆ ಎಂದಳು. ಅದನ್ನು ಕೇಳಿ ನನ್ನ ಕೈ ತೊಟ್ಟಿಲ ಹಗ್ಗ ಬಿಟ್ಟಿತು. ಈಗ ನಿಂತಿತು ಎಂದಳು. ಡಾಕ್ಟರು ಪಡಸಾಲೆಯ ಸುತ್ತ ಕಣ್ಣಾಡಿಸಿ, ಒಳಗೆ ಕಟ್ಟುವ ರೂಢಿ ಇದೆಯೇ ಎಂದು ವಿನಯದಿಂದಲೇ ಕೇಳಿದರು. ಕಳೆದುಹೋದ ಪಟ್ಟಿಯನ್ನು ಅದಿರುವ ಕಡೆಯಿಂದಲೇ ಕೂಗಿಸುವ ಗುಂಡಿಯೊಂದು ಫೋನಿನಲ್ಲಿತ್ತು. ಅದನ್ನು ಶೈಲಾ ಒತ್ತಿದಳು. ತೊಟ್ಟಿಲು ಕೀಂ ಕೀಂ ಎಂದಿತು; ಅದರ ಮೇಲೆ ನಿನ್ನ ಅಳು.

ಡಾಕ್ಟರು ಬಗ್ಗಿ ನೋಡಿ, "ತಂಗೀ, ನಿಮ್ಮ ಎಮ್ಮಿಗೆ ಹಲ್ಲ ಬರಾಕತ್ತಾವ್ರಿ" ಎಂದರು.

ಇಬ್ಬರೂ ನನ್ನ ಕಡೆ ತಿರುಗಿದರು. ಹಿಂದೆ ಸರಿಯಲು ನೋಡಿದೆ, ಬೆನ್ನಿಗೆ ಗೋಡೆ ಸಿಕ್ಕಿತು. "ಓಡಾಡಿದ್ದು ಕಾಶಿ ಅಲ್ರಿ, ತೊಟ್ಟಲ. ಕಾಶಿನ ನಾನ ಮುಚ್ಚಿಟ್ಟೀನಿ. ಗಬ್ಬ ಐತ್ರಿ ಆಕೀಗೆ. ಸೂಜಿ ಮಾತ್ರ ಹಾಕಬ್ಯಾಡ್ರಿ" ಎಂದೆ. ಹೊರಗಿನವರ ಮುಂದೆ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಕಾಶಿಯನ್ನು ಕರೆತಂದರು. ಡಾಕ್ಟರು ಉದ್ದದ ಕೈಗವಸು ತೊಟ್ಟು ಪರೀಕ್ಷಿಸುವಷ್ಟು ಹೊತ್ತು ನಾನು ಕಾಶಿಯ ಮುಖ ನೋಡಲಾರದೆ ಅವಳ ಕೋಡು ಹಿಡಿದು ನಿಂತೆ. "ಗಬ್ಬ ಅಗದಿ ಗಟ್ಟಿ ಐತ್ರಿ" ಎಂದರು. ಆಮೇಲೆ ಕೈ ತೊಳೆಯುತ್ತ, "ಹಿಂಗ ನೋಡಲಾರದ ನಾ ಸೂಜಿ ಹಾಕಾಂವ ಅಲ್ರಿ ಆಯೀ. ಸುಮ್ನ ಎಮ್ಮಿ ಕದ್ರಿ" ಎಂದರು.

ಕರು ಉಳಿಯಿತು, ಇನ್ನು ಸೊಸೆಯ ಕೆಲಸದ ಚಿಂತೆ. ಅಂದು ಮಧ್ಯಾಹ್ನ ಅವಳು ಕಂಪನಿಯವರಿಗೆ ಎಲ್ಲವನ್ನೂ ಹೇಳುತ್ತಿದ್ದಾಗ ನಾನು ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಂತಿದ್ದೆ. ಮೇಲೆ ಅವಳ ಕಂಪ್ಯೂಟರಿನೊಳಗಿಂದ ಬಹಳ ಜನ ನಕ್ಕರು. ಅಷ್ಟು ಜನ ಅಪರಿಚಿತರು ಒಟ್ಟಿಗೆ ನನ್ನನ್ನು ನೆನೆದದ್ದು ಯೋಚಿಸಿ ಆ ರಾತ್ರಿ ಊಟ ಸೇರಲಿಲ್ಲ. ಶೈಲಾಳ ಕೆಲಸವೇನೂ ಹೋಗಲಿಲ್ಲ; ಕೆಲವು ದಿನಗಳಾದ ಮೇಲೆ ಬೇರೆ ನಮೂನೆಯ ಪಟ್ಟಿ ಬಂತು, ದೀಪವಿಲ್ಲದ್ದು. ನಿಮ್ಮವ್ವ ಅದನ್ನು ಕಾಶಿಗೆ ಕಟ್ಟಲಿಲ್ಲ; ನನ್ನ ಮಡಿಲಲ್ಲಿಟ್ಟು, "ಅತ್ತೀ, ಇದನ್ನ ಹ್ಯಾಂಗ ಕೆಡಸ್ತೀರಿ, ಮದಲ ತೋರಸ್ರಿ" ಎಂದಳು. ಈಗ ನನಗೆ ಅದೇ ಕೆಲಸ. ಯಾವ ಯಂತ್ರ ಬಂದರೂ ಮೊದಲು ನನ್ನ ಕೈಗೆ ಬರುತ್ತದೆ. ನಾನು ಅಂಜಿಕೊಂಡೇ ಮುಟ್ಟುತ್ತೇನೆ, ಅದು ತಪ್ಪದೆ ಕೆಡುತ್ತದೆ, ತಪ್ಪು ಮೊದಲೇ ಸಿಕ್ಕಿತೆಂದು ಶೈಲಾ ಖುಷಿಯಿಂದ ಮೇಲೆ ಓಡುತ್ತಾಳೆ.

ಸಂಗು, ಎಮ್ಮೆಯ ಹೆಸರಿನಲ್ಲಿ ಹೋದ ನಿನ್ನ ತೂಗಾಟದ ಲೆಕ್ಕವನ್ನೆಲ್ಲ ಅವಳು ಅಳಿಸಿಬಿಟ್ಟಳು. ತಪ್ಪು ಲೆಕ್ಕವಂತೆ. ನೀನು ಅತ್ತದ್ದೂ ನಾನು ತೂಗಿದ್ದೂ ತಪ್ಪಲ್ಲವಲ್ಲ, ಅದಕ್ಕೇ ಬರೆದೆ. ಅಕ್ಷತಾ, ನೀನು ದೊಡ್ಡವಳು, ಈ ಹಾಳೆಗಳನ್ನು ಜೋಪಾನವಾಗಿಡು. ಇವು ಎಲ್ಲಿದ್ದರೂ ಕೂಗುವುದಿಲ್ಲ, ಮೊದಲನೆಯ ಹಾಳೆಯನ್ನು ಎಲ್ಲಿಟ್ಟೆನೆಂದು ಮುಂಜಾನೆಯಿಂದ ನಾನೇ ಹುಡುಕುತ್ತಿದ್ದೇನೆ.