ಬಿಳಿ ಗೆರೆಯ ಈಚೆ

ನಾನು ಪುಕ್ಕಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಲ್ಲಿಗೆ, ಕಂಪೌಂಡರನ ಸೂಜಿಗೆ, ಹೆಂಡತಿಯ ಮೌನಕ್ಕೆ, ಎಲ್ಲದಕ್ಕೂ ಹೆದರುತ್ತೇನೆ. ಆದರೆ ಎಂಟನೇ ತರಗತಿಯ ಮಗಳು ರೇಣುಕಾ ಸೈಕಲ್ ಮೇಲೆ ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದಾಗ ಆದ ಹೆದರಿಕೆಯೇ ಬೇರೆ. ಸಿಂಧನೂರಿನ ನಮ್ಮ ರಸ್ತೆಯಲ್ಲಿ ಭತ್ತದ ಲಾರಿಗಳು ಓಡುವುದನ್ನು ನೋಡಿದವರಿಗೆ ಅದು ಅರ್ಥವಾದೀತು.

ಮಗಳು ಮೊಬೈಲು ಹಿಡಿದು ನನಗೆ ಪಾಠ ಮಾಡಿದಳು. ಸೈಕಲ್ಲಿಗೆಂದೇ ಬಿಡುವ ದಾರಿಗಳಲ್ಲಿ ಹಲವು ತರಹ ಇವೆಯಂತೆ: ಬರೀ ಬಿಳಿ ಗೆರೆ ಎಳೆದದ್ದು, ನಡುವೆ ಗೂಟ ನೆಟ್ಟದ್ದು, ರಸ್ತೆಗಿಂತ ಎತ್ತರಿಸಿ ಕಟ್ಟಿದ್ದು. ನಾನು ಕಂಡ ತರಹಗಳೇ ಬೇರೆ. ಲಿಂಗಸುಗೂರಿನಲ್ಲಿ ಗೆರೆಯ ಈಚೆ ಕಚೇರಿಗೆ ಬಂದವರ ಬೈಕು, ಮಸ್ಕಿಯಲ್ಲಿ ಆಟೋ. ನಮ್ಮೂರಲ್ಲಿ ಹೊಸದಾಗಿ ಎಳೆದ ಗೆರೆಯ ಈಚೆ ಉದ್ದಕ್ಕೂ ಭತ್ತ ಹರವಿದ್ದಾರೆ, ಅಂಚಿಗೆ ಕಲ್ಲು ಇಟ್ಟಿದ್ದಾರೆ. ನಾನು ಮೊದಲು ಓಡಿಸಿ ನೋಡಿ ಆಮೇಲೆ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವರ ಸೈಕಲ್ ಇಸಿದುಕೊಂಡು ಹೊರಟೆ. ಈ ದಾರಿಯಲ್ಲಿ ನನ್ನ ಕೂಸು ಒಬ್ಬಳೇ ಬರಬೇಕಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದೆ ಲಾರಿಯ ಹಾರ್ನ್ ಮೊಳಗಿತು. ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಭತ್ತದ ಮೇಲೆ ಬೋರಲು ಬಿದ್ದಿದ್ದೆ.

ಭತ್ತ ಕಾಯುತ್ತಿದ್ದ ಖಾಜಾಬಿ, ನಮ್ಮ ಓಣಿಯವಳೇ, ಕೈ ಹಿಡಿದು ಎಬ್ಬಿಸಿದಳು. ಇದು ಸೈಕಲ್ಲಿನ ದಾರಿ ಎಂದು ನಾನು ಸಿಟ್ಟಿನಿಂದ ಹೇಳಿದೆ. ಸರ್ಕಾರದವರು ಭತ್ತ ಒಣಗಿಸಲೆಂದೇ ಗೆರೆ ಹೊಡೆದಿದ್ದಾರೆಂದು ಆಕೆ ನನಗೇ ತಿಳಿಹೇಳಿದಳು. ಹಾಗಾದರೆ ಸೈಕಲ್ಲಿನವರು ಸಾಯಬೇಕೇ ಎಂದೆ.

"ಯಾಕ ಸಾಯ್ತಾರ್ರೀ? ನಿಮ್ಮ ರೇಣುಕಾ ತನ್ನ ಗೆಳತೀದು ಸೈಕಲ್ ತಗೊಂಡು ತಿಂಗಳಾತು ಇಲ್ಲೇ ಹೊಂಟಾಳ. ಗಂಟಿ ಬಾರಿಸ್ತಾಳ, ನಾ ಭತ್ತ ಸರಿಸಿ ದಾರಿ ಬಿಡ್ತೀನಿ. ಆಕಿ ಕಣ್ಣು ತೆರಕೊಂಡು ಸೈಕಲ್ ಹೊಡಿತಾಳ್ರೀ."

ಒಂದು ತಿಂಗಳು! ಅಲ್ಲೇ ಅಂಚಿನ ಕಲ್ಲಿನ ಮೇಲೆ ಕೂತೆ. ಆಗಿಹೋದ ಒಂದೊಂದು ದಿನಕ್ಕೂ ಸೇರಿಸಿ ಹೆದರಿದೆ.

ಮನೆಗೆ ಬಂದು, ರಸ್ತೆ ಪರವಾಗಿಲ್ಲ, ನಾಳೆಯಿಂದ ಹೋಗು ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟೆ. ಅವಳೂ ಇದೇ ಮೊದಲೆಂಬಂತೆ ಕುಣಿದಳು. ಗುಟ್ಟು ಗೊತ್ತಾಗಿದೆಯೆಂದು ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ, ಹೇಗೆ ಗೊತ್ತಾಯಿತಪ್ಪಾ ಎಂದು ಕೇಳಿಬಿಟ್ಟಾಳು, ಭತ್ತದ ಮೇಲೆ ಬಿದ್ದದ್ದನ್ನು ಹೇಳಬೇಕಾದೀತು ಎಂಬ ಹೆದರಿಕೆ.