ಮುದ್ದೆ ನುಂಗಿದ ಓತಿಕ್ಯಾತ

ನಮ್ಮ ಸೋದರಮಾವ ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಅವರು ಮಾತಾಡುವುದು ಹೊಟ್ಟೆ ನೋಡಿ! ಬೇರೆಯವರು ಎದುರು ಸಿಕ್ಕರೆ ಊಟ ಆಯ್ತಾ ಎನ್ನುತ್ತಾರೆ. ಮಾವನಿಗೆ ಊಟದ ಕತೆ ಬೇಡ. ಉಂಡದ್ದು ಮುಂದೇನಾಯಿತು ಎಂಬುದಷ್ಟೇ ಬೇಕು. "ಏನ್ಲಾ, ಒರಕಡಿಕೆ ಸಲೀಸಾಗಿ ಆಯ್ತಾ?" ಎಂದು ಪಾಂಡವಪುರದ ಬಸ್ ಸ್ಟ್ಯಾಂಡಿನ ನಟ್ಟನಡುವೆ ಕೂಗಿ ಕೇಳುವ ಧೈರ್ಯ ಇನ್ನಾರಿಗಿದೆ? 'ಹೊರಕಡೆ' ಎನ್ನುವುದು ಬೆಳಗಿನ ಆ ಕೆಲಸಕ್ಕೆ ನಮ್ಮ ಕಡೆ ಇಟ್ಟಿರುವ ಮರ್ಯಾದೆಯ ಹೆಸರು. ಆದರೆ ಮಾವನಷ್ಟು ಜೋರಾಗಿ ಕೂಗಿದರೆ ಅದರಲ್ಲಿ ಮರ್ಯಾದೆ ಎಷ್ಟು ಉಳಿದೀತು, ನೀವೇ ಹೇಳಿ!

ನನಗೆ ಹೆಣ್ಣು ನೋಡಲು ನಾಗಮಂಗಲದ ಕಡೆಗೆ ಹೋಗಿದ್ದೆವು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ಎಲ್ಲರೂ ಗಂಭೀರವಾಗಿ ಕೂತಿದ್ದಾಗ ಮಾವ ಹುಡುಗಿಯ ತಂದೆಯ ಕಡೆ ಬಾಗಿ, "ಅಲ್ಲಾ ಯಜಮಾನ್ರೇ, ಕಣ್ಣೆಲ್ಲಾ ಕೆಂಪಗವೆ. ಒರಕಡಿಕೆ ಓಗಿ ಎಷ್ಟ್ ದಿವ್ಸ ಆಯ್ತು?" ಎಂದುಬಿಟ್ಟರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಂಬಂಧ ಕೆಟ್ಟಿತೆಂದು ನಾನು ಕಣ್ಣಲ್ಲೇ ಚಪ್ಪಲಿ ಹುಡುಕುತ್ತಿದ್ದರೆ, ಆ ಯಜಮಾನರು ಮೆಲ್ಲಗೆ, "ನಾಕು ದಿವ್ಸ ಆಯ್ತು ಕಣ್ರೀ" ಎನ್ನಬೇಕೆ! ಹೊಟ್ಟೆ ಸಡಿಲಿಸುವ ಇಸಬ್ಗೋಲಿನ ಮಹಿಮೆ ಹೇಳುತ್ತ ಮಾವ ಅವರನ್ನು ಜಗುಲಿಗೆ ಕರೆದುಕೊಂಡು ಹೋದರು. ವಾಪಸು ಬರುವಾಗ ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಲೋಕದಲ್ಲಿ ಜಾತಕ ಕೂಡಿ ಮದುವೆಯಾಗುತ್ತದೆ. ನನ್ನದು ಇಸಬ್ಗೋಲು ಕೂಡಿ ಆದದ್ದು!

ಇಂಥ ಮಾವನಿಗೂ ಒಬ್ಬನ ಹೊಟ್ಟೆಯ ಸುದ್ದಿ ಮಾತ್ರ ಬೇಕಿರಲಿಲ್ಲ. ಅವನು ಅವರ ಸ್ವಂತ ಅಳಿಯ. ಇರುವ ಒಬ್ಬಳೇ ಮಗಳು ಶ್ರೀರಂಗಪಟ್ಟಣದ ಅಕ್ಕಸಾಲಿ ಮನೆಯ ಹುಡುಗನನ್ನು ಮೆಚ್ಚಿ, ರಿಜಿಸ್ಟರ್ ಮದುವೆ ಮಾಡಿಕೊಂಡು, ಆಮೇಲೆ ಬಂದು ಕಾಲಿಗೆ ಬಿದ್ದಿದ್ದಳು. ಮಾವ ಮಗಳನ್ನು ಎತ್ತಿದರು. ಅಳಿಯನ ಜೊತೆ ಮಾತು ಬಿಟ್ಟರು. ಬಿಟ್ಟರು ಎಂದರೆ ಪೂರಾ ಬಿಟ್ಟದ್ದೂ ಅಲ್ಲ. ಆ ಹುಡುಗ ಎದುರಿಗೇ ಕೂತಿದ್ದರೂ, "ಅವ್ರು ಕಾಪಿ ಕುಡೀತಾರಾ ಕೇಳಮ್ಮಿ" ಎಂದು ಅತ್ತೆಗೆ ಹೇಳುವರು. "ಕುಡೀತೀನಿ" ಎಂದು ಅವನೇ ಹೇಳಿದರೆ ಅದು ಮಾವನ ಕಿವಿಗೆ ಬೀಳುತ್ತಿರಲಿಲ್ಲ. "ಕುಡೀತಾರಂತೆ" ಎಂದು ಅತ್ತೆ ಹೇಳಿದ ಮೇಲೆ ಬೀಳುವುದು! ಊಟದ ಹೊತ್ತಾಗುವ ಮುಂಚೆಯೇ ಹುಡುಗ ಬೈಕು ಹತ್ತಿಬಿಡುತ್ತಿದ್ದ. ಕೂತ್ಕೋ ಎನ್ನುವವರು ಬೇಕಲ್ಲ!

ಹೀಗಿರುವಾಗ ಮಗಳ ಮನೆಗೆ ಬಣ್ಣ ಹೊಡೆಸಬೇಕಾಯಿತು. ನಾನು ಕೆ.ಆರ್. ಪೇಟೆಯಿಂದ ಮಾವನ ಮನೆಗೆ ಹೋಗಿದ್ದ ದಿನವೇ ಅವಳು ಒಂದು ಗಾಜಿನ ಪೆಟ್ಟಿಗೆ ತಂದು ಹಜಾರದಲ್ಲಿಟ್ಟಳು. ಬಗ್ಗಿ ನೋಡಿದವನು ಹಿಂದಕ್ಕೆ ಹಾರಿದೆ. ಒಳಗೆ ಓತಿಕ್ಯಾತ! ಅದೂ ಗಡ್ಡವಿರುವ ಓತಿಕ್ಯಾತ! ಬೇಲಿಯ ಮೇಲೆ ಪುಕ್ಕಟೆ ಕೂತಿರುವುದನ್ನು ದುಡ್ಡು ಕೊಟ್ಟು ತಂದು, ಗಾಜಿನ ಮನೆ ಕಟ್ಟಿಸಿ, ದೀಪ ಹಾಕಿ ಸಾಕುವವರೂ ಉಂಟೆ?

"ಇದು ಆಸ್ಟ್ರೇಲಿಯಾ ಕಡೇದು ಬಾವ. ಬಿಯರ್ಡೆಡ್ ಡ್ರ್ಯಾಗನ್ ಅಂತಾರೆ. ಇನ್ನೂ ಮರಿ. ಅವ್ರು ಮಗೀನ್ ತರ ಸಾಕವ್ರೆ," ಎಂದಳು. ಬಣ್ಣದ ವಾಸನೆ ಮರಿಗೆ ಆಗುವುದಿಲ್ಲವಂತೆ. "ನಿಮ್ಮಪ್ಪನ ಮನೇಲೇ ಬುಡು, ಜ್ವಾಪಾನವಾಗಿ ನೋಡ್ಕೋತಾರೆ ಅಂತ ಅವ್ರೇ ಯೋಳುದ್ರು," ಎಂದು ಅಪ್ಪನ ಮುಖ ನೋಡಿದಳು.

ಅಳಿಯ ನಂಬಿ ಕಳಿಸಿದ ಮೊದಲ ಜೀವ. ಬೇಡವೆನ್ನಲು ಮಾವನಿಗೆ ಬಾಯಿ ಬರಲಿಲ್ಲ. ಅತ್ತೆಗೆ ಬಂತು. "ಈ ಪೀಡೆ ಕಡೆ ನಾನು ತಿರುಗೂ ನೋಡಾಕಿಲ್ಲ!" ಎಂದು ಅಡಿಗೆಮನೆ ಸೇರಿದರು. ಮಗಳು ಮಾವನಿಗೆ ಹೇಳಿಕೊಟ್ಟಳು: ಹಗಲೆಲ್ಲ ದೀಪ ಉರಿಯುತ್ತಿರಬೇಕು, ಕೊಡುವ ಹುಳ ಮರಿಯ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು, ಬೇರೇನನ್ನೂ ಹಾಕಬಾರದು.

ಅವಳ ಬಸ್ಸು ಹೊರಟದ್ದೇ ತಡ, "ಉಳ ತಿನ್ನಕೆ ಇದೇನ್ ಗತಿಗೆಟ್ಟದ್ದಾ? ನಮ್ಮನೆಗೆ ಬಂದ್ಮ್ಯಾಲೆ ಮುದ್ದೆ ಉಣ್ದೆ ಇರಕ್ಕಾಯ್ತದಾ?" ಎಂದು ಮಾವ ಗೋಲಿಯಷ್ಟು ರಾಗಿಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ಮರಿಯ ಮುಂದೆ ಹಿಡಿದರು. ನಾಲಿಗೆ ಹೊರಬಂತು. ಗುಳುಂ!

"ನೋಡ್ಲಾ, ನೋಡ್ಲಾ! ಅಗೀಲಿಲ್ಲ, ನುಂಗ್ಬುಡ್ತು! ಇದು ಆಸ್ಟ್ರೇಲಿಯಾದ್ದಲ್ಲ ಕಣ್ಲಾ, ಮಂಡ್ಯದ್ದೇಯಾ!"

ಮುದ್ದೆ ಅಗಿಯುವವರನ್ನು ಮಾವ ಮನುಷ್ಯರ ಸಾಲಿಗೇ ಸೇರಿಸುವುದಿಲ್ಲ. ನುಂಗಿದ ಮೇಲೆ ಓತಿಕ್ಯಾತವಾದರೇನು, ನೆಂಟನೇ! ಮರಿ ಮುಂಗಾಲೊಂದನ್ನು ಎತ್ತಿ ಮೆಲ್ಲಗೆ ಆಡಿಸಿತು. "ಸಾಕು ಅಂತಿದೆ ಮಾವ," ಎಂದೆ. "ಇನ್ನೊಸಿ ಇಕ್ಕು ಅಂತೈತೆ ಕಣ್ಲಾ," ಎಂದು ಇನ್ನೊಂದು ಗೋಲಿ ಇಳಿಸಿದರು. ಆಮೇಲೆ, "ಅಗಲೊತ್ನಾಗೆ ಯಾವೋನ್ಲಾ ದೀಪ ಉರ್ಸೋನು?" ಎಂದು ಸ್ವಿಚ್ಚು ಆರಿಸಿದರು. ನಾನು ಬಸ್ಸು ಹತ್ತಿ ಊರಿಗೆ ಬಂದೆ.

ಮೂರನೆಯ ದಿನ ಫೋನು. "ಲೇ, ಈಗಿಂದೀಗ್ಲೇ ಬಾರ್ಲಾ. ಒರಕಡಿಕೆ ಓಗಿಲ್ಲ ಕಣ್ಲಾ."

"ಯಾರು ಮಾವ, ನೀವಾ?" ನಾನು ದಿಗಿಲುಬಿದ್ದೆ. ಮಾವನಿಗೇ ಕಟ್ಟಿಕೊಂಡರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ!

"ನಾನಲ್ಲ ಕಣ್ಲಾ ಬಡ್ಡೆತ್ತದ್ದೆ! ಅದು!"

ಹೋಗಿ ನೋಡಿದರೆ ನಗು ಹಾರಿಹೋಯಿತು. ಮರಿಯ ಹೊಟ್ಟೆ ಬಿಗಿದು ತಮಟೆಯಾಗಿತ್ತು. ಕಣ್ಣು ಬಿಡುತ್ತಿರಲಿಲ್ಲ. ಹಿಂಗಾಲುಗಳನ್ನು ಎಳೆಯುತ್ತಿತ್ತು. ಮಾವ ಹರಳೆಣ್ಣೆ ಸೀಸೆ ಹಿಡಿದು ಕೂತಿದ್ದರು. ಅತ್ತೆ ಅದನ್ನು ಕಿತ್ತಿಟ್ಟುಕೊಂಡರು. ಊರಿನ ಹೊಟ್ಟೆಗಳನ್ನೆಲ್ಲ ವಿಚಾರಿಸಿಕೊಂಡ ಮನುಷ್ಯ ಗೇಣುದ್ದದ ಜೀವದ ಮುಂದೆ ಬೆವರುತ್ತಿದ್ದರು. "ಇದು ಸತ್ರೆ ಅವ್ರು ಇನ್ ಈ ಹೊಸ್ಲು ತುಳೀತಾರೇನ್ಲಾ? ಬೇಕೂಂತ ಸಾಯ್ಸ್‌ಬುಟ್ಟ ಅನ್ಕೊಳ್ಳಾಕಿಲ್ವಾ?" ಎಂದರು.

ಅಷ್ಟರಲ್ಲಿ ಪಶು ಡಾಕ್ಟರು ಜೀಪಿನಿಂದ ಧುಮುಕಿದರು. ಮಾವ ಫೋನಿನಲ್ಲಿ, "ಒಟ್ಟೆ ಉಬ್ಬರಿಸ್ಕಂಡು ಮಲಗ್ಬುಟ್ಟದೆ ಸ್ವಾಮಿ, ಜೀವ ಓಯ್ತದೆ" ಎಂದಷ್ಟೇ ಹೇಳಿದ್ದರಂತೆ. ಡಾಕ್ಟರು ರಬ್ಬರ್ ಕೊಳವೆ ಹಿಡಿದು, ಹೆಗಲವರೆಗಿನ ಕೈಗವಸು ಏರಿಸಿಕೊಂಡೇ ಬಂದಿದ್ದರು. ಕೊಟ್ಟಿಗೆಯ ಹಸು ಹಾಯಾಗಿ ಮೆಲುಕು ಹಾಕುತ್ತಿತ್ತು. "ಎಲ್ರೀ ಹಸು?" ಎಂದರು. ಮಾವ ಪೆಟ್ಟಿಗೆಯ ಮುಚ್ಚಳ ತೆಗೆದರು. ಡಾಕ್ಟರು ಒಮ್ಮೆ ಮರಿಯನ್ನು ನೋಡಿದರು, ಒಮ್ಮೆ ತಮ್ಮ ತೋಳನ್ನು ನೋಡಿಕೊಂಡರು. "ಅಲ್ರೀ ಗೌಡ್ರೇ, ಇದಕ್ಕೆ ನಾನು ಈ ಕೈ ಹಾಕ್ಲಾ?"

ಆದರೂ ಒಳ್ಳೆಯ ಮನುಷ್ಯ. ಇಂಥ ಜೀವಿಗಳನ್ನು ಬಲ್ಲ ಮೈಸೂರಿನ ಗೆಳೆಯರಿಗೆ ಫೋನು ಹಚ್ಚಿ, ವಿವರವಾಗಿ ಕೇಳಿ ತಿಳಿದುಕೊಂಡರು. "ಹೊರಗಿನ ಬಿಸಿಯಿಂದಲೇ ಇದಕ್ಕೆ ಅನ್ನ ಅರಗೋದು. ನೀವು ಒಲೆ ಆರಿಸಿ ಎಸರಿಗೆ ಹಿಟ್ಟು ಹಾಕಿದ್ದೀರಿ! ದೀಪ ಹಚ್ಚಿ. ಉಗುರುಬೆಚ್ಚನೆ ನೀರಿನಲ್ಲಿಟ್ಟು ಹೊಟ್ಟೆಯನ್ನು ಮೆಲ್ಲಗೆ ನೀವಬೇಕು. ಸಂಜೆಯೊಳಗೆ ಆಗದಿದ್ದರೆ ಮೈಸೂರಿಗೆ ಒಯ್ಯಬೇಕು. ಸಾಕಿದವರಿಗೆ ಹೇಳಿದ್ದೀರಾ?"

ಮಾವ ಗೋಡೆ ನೋಡಿದರು. ನನ್ನ ಕಡೆ ಫೋನು ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಅತ್ತೆಯೂ ಕಟ್ಟಿಕೊಂಡರು. ಮಾವ ತಾವೇ ಗುಂಡಿ ಒತ್ತಿದರು.

"ಅಲೋ... ಅಳಿಯಂದ್ರು ಅವ್ರಾ?"

"ನಾನೇ ಮಾವ."

"ಅವ್ರಿಗೊಂದು ಇಸ್ಯ ಯೋಳ್ಬೇಕಿತ್ತು."

"ಹೇಳಿ ಮಾವ. ಅವ್ರಿಗೆ ಹೇಳ್ತೀನಿ."

"ಮರೀಗೆ ಮುದ್ದೆ ತಿನ್ಸ್‌ಬುಟ್ಟೆ. ದೀಪಾನೂ ಆರ್ಸ್‌ಬುಟ್ಟೆ. ತೆಪ್ಪು ನಂದೇಯಾ. ಅವ್ರು... ಒಸಿ ಬತ್ತಾರಾ?"

"ಬತ್ತಾರೆ ಮಾವ. ಹೊರಟ್ರು."

ಬೈಕಿನ ಸದ್ದಾದಾಗ ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಹುಡುಗ ಯಾರ ಮುಖವನ್ನೂ ನೋಡದೆ ಮರಿಯ ಮುಂದೆ ಮಂಡಿಯೂರಿದ. ತಿರುಗಿಯೂ ನೋಡೆನೆಂದಿದ್ದ ಅತ್ತೆ ಬೋಸಿಯಲ್ಲಿ ನೀರು ಹದ ಮಾಡಿ, ಮೊಣಕೈ ಅದ್ದಿ ಪರೀಕ್ಷಿಸಿ, ಎಳೆಕೂಸಿನ ಕತ್ತು ಹಿಡಿಯುವಂತೆ ಅದರ ಗದ್ದದ ಕೆಳಗೆ ಅಂಗೈ ಕೊಟ್ಟು ನೀರಿಗಿಳಿಸಿದರು. "ಅವ್ವಯ್ಯಾ, ಕಣ್ಬುಡಪ್ಪಾ, ಕಣ್ಬುಡು ಕಂದಾ," ಎಂದರು. ಯಾರನ್ನು? ಆ ಪೀಡೆಯನ್ನು! ಅಳಿಯ ತೋರಿಸಿಕೊಟ್ಟಂತೆ ಮಾವ ತೋರುಬೆರಳಿನಿಂದ ಹೊಟ್ಟೆ ನೀವತೊಡಗಿದರು. ನೀರು ಆರಿತು, ಬದಲಾಯಿಸಿದೆವು. ಮತ್ತೆ ಆರಿತು. ಡಾಕ್ಟರು ಗಡಿಯಾರ ನೋಡಿಕೊಳ್ಳತೊಡಗಿದರು.

ಮರಿ ಬಾಲ ಎತ್ತಿತು.

"ಬಂತೂ! ಬಂತೂ! ಬಂದ್ಬುಡ್ತೂ!" ಮಾವನ ಕೂಗಿಗೆ ಕೇರಿಯೇ ಎದ್ದಿತು. ಪಕ್ಕದ ಮನೆಯವರು ಗುದ್ದಲಿ ಹೆಗಲಿಗೇರಿಸಿಕೊಂಡು ಓಡಿ ಬಂದರು. "ಎಷ್ಟೊತ್ಗೆ ಬುಟ್ರಂತೆ? ಕೊನೇ ತೂಬ್ಗೂ ಬತ್ತದಾ?" ನಮ್ಮ ಕಡೆ 'ಬಂತು' ಎಂದರೆ ನಾಲೆ ನೀರಲ್ಲದೆ ಇನ್ನೇನು? ಮಾವ ಬೋಸಿ ತೋರಿಸಿದರು. ಅವರು ಬಗ್ಗಿ ನೋಡಿ, ಗುದ್ದಲಿ ಇಳಿಸಿ, ಬಂದ ದಾರಿಯಲ್ಲೇ ಮನೆಗೆ ಹೋದರು.

ಮರಿ ಕಣ್ಣು ಬಿಟ್ಟಿತು. ಅತ್ತೆ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ ದೀಪದಡಿ ಮಲಗಿಸಿದರು. ಅಳಿಯ ಒದ್ದೆ ಕೈ ಹಾಗೇ ಹಿಡಿದು, ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕ. "ಅಲ್ಲ ಮಾವ, ಎರಡು ವರ್ಷದಿಂದ ನಂಗೆ ಸಿಗದೆ ಇರೋ ಮುದ್ದೆ ಬಂದ ದಿವ್ಸಾನೇ ಇದಕ್ಕೆ ಸಿಕ್ಬುಡ್ತಲ್ಲ!"

ಡಾಕ್ಟರು ನಕ್ಕರು, ನಾನೂ ನಕ್ಕೆ. ಮಾವ ನಗಲಿಲ್ಲ. ಅತ್ತೆಯ ಕಡೆಗೂ ತಿರುಗಲಿಲ್ಲ.

"ಕೈ ತೊಳ್ಕಳಪ್ಪಾ ಮಗಾ," ಎಂದರು. "ಉಣ್ಣೀವಂತೆ."

ಹುಡುಗ ನಿಂತೇ ಇದ್ದ. ಆ ಮನೆಯಲ್ಲಿ ಕೈ ತೊಳೆಯುವ ಜಾಗ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮಾವ ಅವನ ಮುಂಗೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ತೊಟ್ಟಿಯಿಂದ ಚೊಂಬು ತುಂಬಿದರು. ಅವನು ಎರಡೂ ಕೈ ಜೋಡಿಸಿ ಒಡ್ಡಿದ. ಮಾವ ಸಣ್ಣಗೆ ನೀರು ಎರೆಯತೊಡಗಿದರು. ರಿಜಿಸ್ಟರ್ ಮದುವೆಯಲ್ಲಿ ಧಾರೆ ಎಲ್ಲಿಂದ ಬರಬೇಕು? ಹಿತ್ತಲ ಬಾಗಿಲಿಗೆ ಬಂದ ಅತ್ತೆ ಅದನ್ನು ನೋಡಿ, ಬಾಗಿಲುವಾಡ ಹಿಡಿದು ಅಲ್ಲೇ ನಿಂತುಬಿಟ್ಟರು.

"ಸಾಕು ಮಾವ, ಹೋಯ್ತು," ಎಂದ ಹುಡುಗ.

"ಇರ್ಲಾ ಮಗಾ," ಎಂದು ಮಾವ ಇನ್ನೊಂದು ಚೊಂಬು ಮೊಗೆದುಕೊಂಡರು.