ದೇವಸ್ಥಾನ ಕಂಡರೆ ಕೂರುವ ಗಾಡಿ

ಒಲೆ ಹಚ್ಚುವ ಮೊದಲು ನೆನೆಯುವ ವಿಘ್ನರಾಜನಿಗೆ ಇಲ್ಲಿಯೂ ಮೊದಲ ನಮಸ್ಕಾರ. ಮದುವೆ, ಮುಂಜಿ, ಗೃಹಪ್ರವೇಶ ಅಂತ ನಲವತ್ತು ವರ್ಷ ಸೌಟು ಹಿಡಿದ ಕೈ ಇದು. ಇವತ್ತು ಪೆನ್ನು ಹಿಡಿದಿದೆ. ಉಪ್ಪು ಹೆಚ್ಚುಕಡಿಮೆ ಆದರೆ ಅವನೇ ಸರಿಮಾಡಿಕೊಳ್ಳಲಿ.

ನನಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಬೇರೆಯವರು ಗಾಡಿ ತೆಗೆದುಕೊಂಡರೆ ಗಾಡಿ ಓಡುತ್ತದೆ. ನಾನು ತೆಗೆದುಕೊಂಡರೆ ಕತೆ ಓಡುತ್ತದೆ. ಅಡುಗೆ ಭಟ್ಟನಿಗೆ ದೊಡ್ಡವರು ಓಡಿಸುವ ವಿದೇಶಿ ಜೀಪು ಯಾಕೆ ಅಂತ ಸಾಲಿಗ್ರಾಮದಲ್ಲಿ ಕೇಳದವರಿಲ್ಲ. ಕಾರಣ ನಮ್ಮ ದೊಡ್ಡಮ್ಮ. ತಾಯಿ ಇಲ್ಲದ ನನ್ನನ್ನು ಸಾಕಿದವಳು, ಈಗ ಎಂಬತ್ತನಾಲ್ಕು ವರ್ಷ. ನಮ್ಮ ಕುಟುಂಬದ ನಾಗಬನ ಇರುವುದು ಅಮಾಸೆಬೈಲಿನ ಆಚೆ, ಗುಡ್ಡದ ಮೇಲೆ. ಹಳ್ಳದಂಥ ತೋಡು ದಾಟಿ ಕಲ್ಲುದಾರಿ ಹತ್ತಬೇಕು. ಆಟೋದವರು ತೋಡು ಕಂಡ ಕೂಡಲೇ ಅಲ್ಲಿಂದಲೇ ನಾಗನಿಗೆ ಕೈ ಮುಗಿದು ಗಾಡಿ ತಿರುಗಿಸುತ್ತಾರೆ. ಮೊಣಕಾಲು ಸೋತ ಮೇಲೆ ದೊಡ್ಡಮ್ಮ ಐದು ವರ್ಷದಿಂದ ನಾಗರಪಂಚಮಿಗೆ ಅಲ್ಲಿಗೆ ಹೋಗಿರಲಿಲ್ಲ.

"ಒಂದ್ ಸಲ ನನ್ನ್ ಕೈಯಾರೆ ನಾಗನಿಗೆ ಹಾಲ್ ಎರ್ದ್ ಬಂದ್ರೆ ಸಾಕಿತ್ತ್ ಮಾಣಿ" ಅಂದಳು ಒಂದು ದಿನ. ನನಗೆ ಐವತ್ತೊಂಬತ್ತು. ಅವಳಿಗೆ ನಾನಿನ್ನೂ ಮಾಣಿ. ಆ ಮಾತು ಕೇಳಿದ ಮೇಲೆ ಊಟ ಸೇರಲಿಲ್ಲ.

೧. ಕಾವಿಗೆ ಕೂತ ಯಜಮಾನಿ

ಬ್ರಹ್ಮಾವರದ ಕಡೆಯ ಒಬ್ಬ ಧಣಿಗಳು, ಮುಂಬಯಿಯಲ್ಲಿ ಹೋಟೆಲು ಇದ್ದವರು. ಅವರ ಮನೆಯ ಎಲ್ಲ ಮದುವೆಗೂ ನನ್ನದೇ ಅಡುಗೆ. ಊರಿನ ಅವರ ಮನೆಯ ಕೊಟ್ಟಿಗೆಯಲ್ಲಿ ಒಂದು ದೊಡ್ಡ ಜೀಪು ವರ್ಷಗಟ್ಟಲೆ ನಿಂತಿತ್ತು. ಬೆಟ್ಟ, ಕೆಸರು, ಹೊಳೆ ಎಲ್ಲ ಹತ್ತಿ ಇಳಿಯುವ ಜಾತಿ. ಒಳಗೆ ಚರ್ಮದ ಸೀಟು, ಮರದ ಪಟ್ಟಿ. ಹೊಸದರಲ್ಲಿ ಅದರ ಬೆಲೆಗೆ ಎರಡು ಮನೆ ಕಟ್ಟಬಹುದಿತ್ತಂತೆ.

ಫೋನಿನಲ್ಲಿ ಧಣಿಗಳು, "ಗುಜರಿಗೆ ಕೊಡೂದನ್ನ ನಿಮಗ್ ಕೊಡ್ತೆ. ನಾಳೆಯೇ ತಕಂಡ್ ಹೋಯ್ನಿ ಭಟ್ರೇ" ಅಂದರು. ನಾನು ತೆಂಗಿನಕಾಯಿ, ಊದುಬತ್ತಿ ಹಿಡಿದು ಹೋದೆ. ಕೊಟ್ಟಿಗೆ ಬಾಗಿಲಲ್ಲಿ ಧಣಿಗಳ ತಾಯಿ ಅಡ್ಡ ನಿಂತರು.

"ಈಗ ಗಾಡಿ ಮುಟ್ಟುಕಾಗ."

"ಎಂತಕ್ಕಮ್ಮ? ರಾಹುಕಾಲವಾ?"

"ರಾಹುಕಾಲ ಅಲ್ಲ ಮಾರಾಯ್ರೆ. ಬಾಣಂತಿಕೋಣೆ."

ಇಣುಕಿ ಕಂಡರೆ ಡ್ರೈವರ್ ಸೀಟಿನ ಚರ್ಮ ಕೆದರಿ, ಒಳಗಿನ ಸ್ಪಂಜಿನಲ್ಲಿ ಗುಂಡಿ ಮಾಡಿ, ಒಂದು ಕೆಂಪು ಹೇಂಟೆ ಮೊಟ್ಟೆಗಳ ಮೇಲೆ ಕಾವಿಗೆ ಕೂತಿದೆ. ನನ್ನನ್ನು ಕಂಡು ಹಾರ್ನ್ ಹೊಡೆದ ಹಾಗೆ ಕೂಗಿತು. ಜೀವ ಹುಟ್ಟುವ ಜಾಗ, ಎಬ್ಬಿಸಲು ಮನಸ್ಸು ಬರಲಿಲ್ಲ. ಎರಡು ವಾರ ಕಾದೆ. ಮರಿಗಳೆಲ್ಲ ಇಳಿದ ಮೇಲೆ ಗಾಡಿ ನನ್ನದಾಯಿತು. ತಾಯಿಯವರು ಬೀಳ್ಕೊಡುವಾಗ ಹೇಳಿದರು: "ಬೇಜಾರ್ ಮಾಡ್ಕಣ್ಬೇಡಿ. ನಮ್ಮ್ ಮಗ ತಂದ್ ಮೇಲೆ ಆ ಗಾಡಿಯಿಂದ ಸಿಕ್ಕಿದ್ ಲಾಭ ಆ ಮರಿ ಒಂದೇ."

ಮನೆಗೆ ತಂದ ದಿನವೇ ಪೂಜೆ ಮಾಡಿ, ಹೆಬ್ಬೆರಳಿನಷ್ಟು ದೊಡ್ಡ ಒಂದು ಹಗುರ ಗಣಪತಿಯನ್ನು ಅಂಟಿಸಿದೆ. ಗೇರಿನ ಪಕ್ಕದಲ್ಲಿ ಪೀಠದ ಹಾಗೆ ಒಂದು ಪುಟ್ಟ ಜಾಗ, ಅವನಿಗೆಂದೇ ಅಳತೆ ತೆಗೆದು ಮಾಡಿದ ಹಾಗಿತ್ತು.

೨. ಸಿಂಹಾಸನ

ಹೇಂಟೆ ಕೆದರಿದ ಸೀಟಿಗೆ ಚರ್ಮ ಹಾಕಿಸುವುದು ನಮ್ಮ ಕೈಗೆಟುಕುವ ಮಾತಲ್ಲ. ಯಕ್ಷಗಾನದ ವೇಷದ ಬಟ್ಟೆ ಹೊಲಿಯುವ ದರ್ಜಿಯೊಬ್ಬ ನನ್ನ ಪರಿಚಯದವ. "ನಾ ಹೊಲ್ದ್ ಕೊಡ್ತೆ ಭಟ್ರೇ. ರಾತ್ರಿ ಬೆಳಗಾತನಕ ಕುಣಿದ್ರೂ ಹರೀದ್ ಬಟ್ಟೆ" ಅಂದ. ಮುಂದಿನ ಎರಡೂ ಸೀಟಿಗೆ ಜೋಡಿಯಾಗಿ ಹೊಲಿದೂ ಕೊಟ್ಟ. ಕೆಂಪು ಬಟ್ಟೆ, ಹಸಿರು ಅಂಚು, ಸುತ್ತ ಜರಿ ಪಟ್ಟಿ, ಬೆನ್ನಿಗೆ ಸಾಲಾಗಿ ಕನ್ನಡಿ ಬಿಲ್ಲೆ.

ನಮ್ಮ ಮನೆಯವಳು ಹತ್ತಿ ಕೂತು, ಎಡಕ್ಕೆ ಬಲಕ್ಕೆ ನೋಡಿ, ಗಂಭೀರವಾಗಿ ಕೇಳಿದಳು: "ಎಲ್ಲ ಸಮ ಇತ್ತ್. ಈಗ ನಾನೇ ಮಾತಾಡೂದಾ, ಭಾಗವತ್ರು ಪದ ಹೇಳಿದ್ ಮೇಲಾ?"

೩. ಸಾಷ್ಟಾಂಗ

ಈ ಗಾಡಿಗೆ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ರಬ್ಬರಿನ ಗಾಳಿಚೀಲ. ಗಾಳಿ ತುಂಬಿದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ.

ಮೊದಲ ಸಲ ಹೆದ್ದಾರಿ ಬದಿಯ ಒಂದು ದೇವಸ್ಥಾನದ ಎದುರು ನಿಲ್ಲಿಸಿದೆ. ನನ್ನ ಪದ್ಧತಿ ಒಂದೇ: ದೇವಸ್ಥಾನ ಕಂಡರೆ ನಿಲ್ಲಿಸುವುದು, ಗಣಪತಿಯ ತಲೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಕೈ ಮುಗಿಯುವುದು. ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟರೆ ದೇವಸ್ಥಾನದ ಗೋಪುರ ಮೊದಲಿಗಿಂತ ಎತ್ತರ ಕಾಣುತ್ತಿದೆ! ಗಾಡಿ ಉಸಿರು ಬಿಡುತ್ತ ಮೆಲ್ಲಗೆ ಕೂರುತ್ತಿತ್ತು.

ಹೂವು ಮಾರುವವಳು ಓಡಿಬಂದಳು. "ಹ್ವಾಯ್, ಕಾಣಿ ಕಾಣಿ! ಗಾಡಿ ದೇವರಿಗ್ ಅಡ್ಡ್ ಬಿತ್ತ್!" ಜನ ಸೇರಿದರು. ಅರ್ಚಕರು ಹೊರಗೆ ಬಂದು ಬಾನೆಟ್ಟಿಗೆ ಗಂಧ ಹಚ್ಚಿದರು. ನಾನು ಹೊರಟು ವೇಗ ಹಿಡಿದ ಕೂಡಲೇ ಅದು ತಾನಾಗಿಯೇ ಎದ್ದಿತು.

ಮುಂದಿನ ದೇವಸ್ಥಾನದಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ನಮ್ಮ ಕಡೆ ಪ್ರತಿ ಮೈಲಿಗೂ ಎರಡು ದೇವಸ್ಥಾನ. ಸಾಲಿಗ್ರಾಮದಿಂದ ಕುಂದಾಪುರಕ್ಕೆ ಹೋಗುವಷ್ಟರಲ್ಲಿ ಗಾಡಿ ಹದಿನಾಲ್ಕು ಸಲ ಕೂತು ಎದ್ದಿತು. ಒಂದು ಕಡೆಯಂತೂ ಅರ್ಚಕರು ನನ್ನನ್ನೇ ಗದರಿಸಿದರು: "ಅದನ್ನ ಕಂಡ್ ಕಲೀನಿ ಭಟ್ರೇ. ನೀವ್ ಸೀಟಿಂದ ಇಳೂದೂ ಇಲ್ಲೆ."

೪. ಮೆತ್ತಗಾಗದ ಮೀನು

ಕುಂದಾಪುರದ ನಮ್ಮ ಮೆಕ್ಯಾನಿಕ್ ಗಂಗೊಳ್ಳಿಯವ. ದೋಣಿ ಇಂಜಿನು ರಿಪೇರಿ ಮಾಡಿ ಕಲಿತವ. ಸಮುದ್ರದ ಮಧ್ಯ ನಿಂತ ಇಂಜಿನನ್ನು ತಂತಿ ತುಂಡಲ್ಲಿ ಓಡಿಸಿ ತಂದವ. ಗಾಡಿ ಹತ್ತುವ ಮೊದಲು ಅವನದೊಂದು ಶಾಸ್ತ್ರ. ಹೆಗಲ ಮೇಲಿನ ತೊಳೆದ ಬೈರಾಸಿನಿಂದ ನನ್ನ ಗಣಪತಿಯನ್ನು ಮೆಲ್ಲಗೆ ಮುಚ್ಚುತ್ತಿದ್ದ. "ನಂದ್ ಮೀನ್ ಮುಟ್ಟಿದ್ ಕೈ, ಗ್ರೀಸ್ ಕೈ. ದೇವರಿಗ್ ತಾಗುಕಾಗ" ಅನ್ನುತ್ತಿದ್ದ. ಅವನ ಭಕ್ತಿ ಕಂಡು ನನಗೆ ಕಣ್ಣು ತುಂಬಿ ಬರುತ್ತಿತ್ತು.

ಅವನು ಪರೀಕ್ಷೆ ಮಾಡಿ, ಗಾಳಿಚೀಲ ಹಳತು, ಬದಲಿಸಬೇಕು ಅಂದ. ಹೊಸತು ಕೊಳ್ಳುವ ಶಕ್ತಿ ಇಲ್ಲ. ಮುಂಬಯಿಯ ಗುಜರಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿದೆವು. ಗೋಣಿಕಟ್ಟು ನಮ್ಮ ಮನೆಗೆ ಬಂತು. ದೊಡ್ಡಮ್ಮ ಜಗಲಿಯಲ್ಲಿ ಕೂತವಳು ಮೂಗು ಮುಚ್ಚಿಕೊಂಡಳು. "ಮಾಣಿ, ನಿನ್ನ್ ಗಾಡಿ ಸಾಮಾನ್ ಸತ್ತ್ ಹೋಯಿ ಸುಮಾರ್ ದಿನ ಆಯಿತ್ತ್ ಕಾಣತ್ತ್." ಬಿಚ್ಚಿದರೆ ಒಣಮೀನು! ಬಸ್ಸಿನ ಆಫೀಸಿನಲ್ಲಿ ಅದಲುಬದಲಾಗಿ, ಮುಂಬಯಿಗೆ ಹೋಗಬೇಕಾದ ಕಟ್ಟು ನಮ್ಮ ಮನೆಗೆ ಬಂದಿತ್ತು, ನಮ್ಮದು ಮುಂಬಯಿಗೆ ವಾಪಸು ಹೋಗಿತ್ತು. ಅಂಗಳಕ್ಕೆಲ್ಲ ಸೆಗಣಿ ನೀರು ಹಾಕಿದೆವು.

ಮೂರನೆಯ ದಿನ ಮುಂಬಯಿಯಿಂದ ಒಬ್ಬರ ಫೋನು, ಪಾರ್ಸೆಲ್ ಚೀಟಿಯಲ್ಲಿ ನನ್ನ ನಂಬರು ಕಂಡು. "ಹ್ವಾಯ್, ನಿಮ್ಮ್ ಕಟ್ಟ್ ನಮಗ್ ಬಂದಿತ್ತ್. ನಮ್ಮ್ ಹುಡುಗ್ರ್ ಕತ್ತಲಿಯಂಗ್ ನೆನ್ಸುಕೆ ಹಾಕಿದ್ರ್. ಎರಡ್ ದಿನ ಆಯ್ತ್, ಮೆತ್ತಗ್ ಆತಿಲ್ಲೆ. ಇದ್ ಯಾವ್ ಜಾತಿ ಮೀನ್ ಮಾರಾಯ್ರೆ?"

ಅಂತೂ ಚೀಲ ವಾಪಸು ಬಂತು. ಹಾಕಿ ಆಯಿತು. ಮೆಕ್ಯಾನಿಕ್ ಮೂರು ದಿನ ಓಡಿಸಿದ. ಗಾಡಿ ಒಮ್ಮೆಯೂ ಕೂರಲಿಲ್ಲ. ನಾನು ಹೋಗಿ ಸೀಟಿನಲ್ಲಿ ಕೂತು, ಬೈರಾಸು ಸರಿಸಿ, ಗಣಪತಿಗೆ ವಂದಿಸಿ ಹೊರಟೆ. ಶೆಡ್ಡಿನ ಬಾಗಿಲಲ್ಲೇ ಕೂತಿತು. ಉಡುಪಿಯಿಂದ ಕಂಪ್ಯೂಟರ್ ತರಿಸಿ ತೋರಿಸಿದ. ಕಾಯಿಲೆ ಏನೂ ಇಲ್ಲ ಅಂತ ಬಂತು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಗಾಡಿ ಸಮ ಇತ್ತ್ ಭಟ್ರೇ. ನಿಮ್ಮನ್ನ ಒಂದ್ ಸಲ ಡಾಕ್ಟರಿಗ್ ತೋರ್ಸುವನಾ?"

೫. ಅರಿಶಿನ

ಬೈಂದೂರಿನ ಕಡೆ ಒಂದು ಗೃಹಪ್ರವೇಶದ ಅಡುಗೆ. ಕೊಪ್ಪರಿಗೆ, ಸೌಟು, ದಿನಸಿ ಎಲ್ಲ ಗಾಡಿಯಲ್ಲಿ. ಕಿರಿಮಂಜೇಶ್ವರ ಹತ್ತಿರ ಬರುವಾಗ ಬಾನೆಟ್ಟಿನಿಂದ ಹೊಗೆ. ರೇಡಿಯೇಟರ್ ತೂತು, ನೀರೆಲ್ಲ ರಸ್ತೆಗೆ.

ಮೆಕ್ಯಾನಿಕ್‌ಗೆ ಫೋನು ಮಾಡಿದೆ. "ಹತ್ರ ಅರಿಶಿನ ಹುಡಿ ಇತ್ತಾ? ತಣ್ದ್ ಮೇಲೆ ನೀರಿಗ್ ಒಂದ್ ಚಿಟ್ಕೆ ಹಾಕಿ. ತೂತ್ ಕಟ್ಟತ್ತ್" ಅಂದ. ಐನೂರು ಜನರ ಅಡುಗೆ ಮಾಡುವವನ ಚಿಟಿಕೆ ಎಷ್ಟಿರುತ್ತದೆ ಅಂತ ಅವನು ಯೋಚಿಸಲಿಲ್ಲ. ದೇವರ ಹೆಸರು ಹೇಳಿ ಅರ್ಧ ಚೀಲ ಸುರಿದೆ.

ತೂತು ಕಟ್ಟಿತು, ಸುಳ್ಳಲ್ಲ. ಆದರೆ ದಾರಿಯುದ್ದಕ್ಕೂ ಹಳದಿ ಹಬೆ. ನನ್ನ ಬಿಳಿ ಪಂಚೆ ಹಳದಿ, ಗಾಡಿಯ ಮೂತಿ ಹಳದಿ. ಗೃಹಪ್ರವೇಶದ ಮನೆಯವರು, ಗಾಡಿಗೂ ಅರಿಶಿನ ಹಚ್ಚಿ ತಂದಿದ್ದಾರೆ, ಎಂಥ ಶಾಸ್ತ್ರವಂತರು ಅಂತ ಆರತಿ ತಂದರು.

ಮರುದಿನ ಮೆಕ್ಯಾನಿಕ್ ಮುಚ್ಚಳ ತೆಗೆದು ಒಳಗೆ ನೋಡಿದ. ನನ್ನನ್ನು ನೋಡಿದ. ಮತ್ತೆ ಒಳಗೆ ನೋಡಿದ. "ಎಲ್ಲ ಸಮ ಮಾಡಿದ್ರಿ ಭಟ್ರೇ. ಸಾಸ್ಮಿ ಒಗ್ಗರಣಿ ಒಂದ್ ಮರ್ತ್ರಿ."

೬. ನಾಗರಪಂಚಮಿ

ಆರು ತಿಂಗಳಾದರೂ ಕೂರುವ ಕಾಯಿಲೆ ಮಾತ್ರ ಹೋಗಲಿಲ್ಲ. ಪಂಚಮಿ ಬಂತು. ತೋಡು, ಗುಡ್ಡ ಇರುವ ದಾರಿ. ಗಾಡಿ ನಂಬಲು ಧೈರ್ಯವಿಲ್ಲ. ಮೆಕ್ಯಾನಿಕ್‌ನನ್ನೂ ಕರೆದೆ. ಅವತ್ತು ಅವನು ಮಿಂದು, ಗಂಧ ಇಟ್ಟು, ಒಗೆದ ಅಂಗಿ ಹಾಕಿ ಶೆಡ್ಡಿನಿಂದ ತಾನೇ ಗಾಡಿ ಓಡಿಸಿ ತಂದ. ಅಂಗಳದಲ್ಲಿ ನಿಲ್ಲಿಸಿದ, ಇಂಜಿನು ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ಮತ್ತೆ ಶುರುವಾಗುವುದು ದೇವರ ಇಚ್ಛೆ.

ದೊಡ್ಡಮ್ಮ ಹಾಲಿನ ಗಿಂಡಿ, ಸೀಯಾಳ, ಕೇದಗೆ ಹಿಡಿದು ಬಂದಳು. ಐದು ವರ್ಷ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟಿದ್ದಳು. ಗಾಡಿಯ ಮೆಟ್ಟಿಲು ಅವಳ ಸೊಂಟದ ಮಟ್ಟಕ್ಕಿತ್ತು.

"ಅವಸ್ರ ಇಲ್ಲೆ ದೊಡ್ಡಮ್ಮ, ಈಗ ಕೂಕಂತ್ತ್" ಅಂದೆ.

ಕೂರಲಿಲ್ಲ. ಸಿಪಾಯಿಯ ಹಾಗೆ ನಿಂತಿತ್ತು. ಮೆಕ್ಯಾನಿಕ್ ಬಾನೆಟ್ಟು ತಟ್ಟಿದ, ಚಕ್ರ ಒದ್ದ. ಆರು ತಿಂಗಳು "ನಿಲ್ಲು" ಅಂತ ಬೇಡಿದವರು ಈಗ ಇಬ್ಬರೂ ಸೇರಿ "ಕೂರು" ಅಂತ ಬೇಡುತ್ತಿದ್ದೆವು. ಕೊಪ್ಪರಿಗೆ ಬೋರಲು ಹಾಕಿ ಹತ್ತಿಸೋಣ ಅಂದೆ. "ನೈವೇದ್ಯದ ಪಾಯಸ ಕಾಸೂ ಪಾತ್ರಿ ಮೇಲೆ ಕಾಲ್ ಇಡೂದಾ? ಬುದ್ಧಿ ಇತ್ತಾ ನಿಂಗೆ?" ಅಂತ ದೊಡ್ಡಮ್ಮ ಬೈದಳು. ಮಣೆಯ ಮೇಲೆ ಮಣೆ ಇಟ್ಟೆವು. ಹತ್ತಿ ನಿಂತಳು. ಕಾಲು ಮಾತ್ರ ಮೇಲೆ ಬರಲಿಲ್ಲ.

ಮಣೆಯ ಮೇಲೆ ನಿಂತೇ, "ನೀವ್ ಹೋಯ್ ಬನ್ನಿ. ನನ್ನ್ ಲೆಕ್ಕದ್ ಹಾಲ್ ನೀನೇ ಎರಿ ಮಾಣಿ. ನಾಗ ಬೇಜಾರ್ ಮಾಡ್ಕಣ" ಅಂದಳು. ನಗುತ್ತಲೇ ಅಂದಳು.

"ಇಷ್ಟ್ ಹತ್ರ ಬಂದಿದ್ದೆ. ನಿನ್ನ್ ಗಣಪತಿಗಾರೂ ಒಂದ್ ಕುಂಕುಮ ಇಡ್ತೆ." ಕಾಲು ಬಾರದಿದ್ದರೂ ಕೈ ಗಣಪತಿಯವರೆಗೆ ಹೋಯಿತು. ಒಂದು ಕಾಲದಲ್ಲಿ ಅಕ್ಕಿ ರುಬ್ಬಿದ ಕೈ ಅದು. ಹೆಬ್ಬೆರಳಲ್ಲಿ ಕುಂಕುಮ ಅದ್ದಿ ಗಟ್ಟಿಯಾಗಿ ಒತ್ತಿದಳು.

ಟಿಕ್.

ಗಾಡಿ ಉಸಿರು ಬಿಟ್ಟು, ಮೆಲ್ಲಗೆ, ಆನೆ ಮಂಡಿಯೂರಿದ ಹಾಗೆ ಕೂತಿತು. ದೊಡ್ಡಮ್ಮ ಮಣೆಯಿಂದ ನೇರ ಸಿಂಹಾಸನಕ್ಕೆ ಸರಿದು ಕೂತಳು. ನಾನು ಅಂಗಳದಲ್ಲೇ ಅಡ್ಡಬಿದ್ದೆ.

ಎದ್ದು ನೋಡಿದರೆ ಮೆಕ್ಯಾನಿಕ್ ಕೈ ಮುಗಿದಿರಲಿಲ್ಲ. ಗಣಪತಿಯನ್ನೇ ನೋಡುತ್ತಿದ್ದ. "ಭಟ್ರೇ, ಇವತ್ ನನ್ನ್ ಕೈ ಶುದ್ಧ ಇತ್ತ್. ಒಂದ್ ಸಲ ಮುಟ್ಲಾ?" ಮುಟ್ಟಿದ. ಟಿಕ್. ಪಲ್ಲಕ್ಕಿ ಎತ್ತಿದ ಹಾಗೆ ಗಾಡಿ ದೊಡ್ಡಮ್ಮನನ್ನು ಎತ್ತಿಕೊಂಡು ಎದ್ದಿತು.

ನಾನು ಪೀಠ ಅಂದುಕೊಂಡದ್ದು ಗಾಡಿಯನ್ನು ಇಳಿಸುವ, ಏರಿಸುವ ಸ್ವಿಚ್ಚು! ವಯಸ್ಸಾದವರು ಹತ್ತಲಿ ಅಂತಲೇ ಕಂಪೆನಿಯವರು ಇಟ್ಟದ್ದಂತೆ. ಆ ಟಿಕ್ ಸದ್ದನ್ನು ನಾನು ದಿನಾ ಕೇಳಿದ್ದೆ. ಗಣಪತಿ "ಹೂಂ, ಹೊರಡು" ಅನ್ನುತ್ತಾನೆ ಅಂದುಕೊಂಡಿದ್ದೆ. ನಾನು ಭಕ್ತಿಯಿಂದ ಮುಟ್ಟಿ ಮುಟ್ಟಿ ಕೂರಿಸಿದೆ; ಮೆಕ್ಯಾನಿಕ್ ಭಕ್ತಿಯಿಂದ ಮುಟ್ಟದೆ ಕಾಯಿಲೆ ಹುಡುಕಿದ.

ಗಾಡಿ ತೋಡು ದಾಟಿತು, ಗುಡ್ಡ ಹತ್ತಿತು. ಬನದ ಎದುರು ಮತ್ತೊಮ್ಮೆ ಟಿಕ್, ದೊಡ್ಡಮ್ಮ ಇಳಿದಳು. ತನ್ನ ಕೈಯಾರೆ ನಾಗನಿಗೆ ಹಾಲೆರೆದಳು, ಸೀಯಾಳ ಎರೆದಳು. ಗಿಂಡಿ ಬರಿದಾದ ಮೇಲೂ ಬಹಳ ಹೊತ್ತು ಬಗ್ಗಿಸಿಯೇ ಹಿಡಿದಿದ್ದಳು.

ಮನೆಗೆ ಬಂದ ಮೇಲೆ ಮೆಕ್ಯಾನಿಕ್ ಸಂಕೋಚದಿಂದ ಕೇಳಿದ: "ದೊಡ್ಡಮ್ಮ, ಗಣಪತಿನ ಮೆಲ್ಲ ತೆಗ್ದ್ ಬೇರೆ ಬದಿಗ್ ಕೂರ್ಸಲಾ?"

ದೊಡ್ಡಮ್ಮ ಸಿಂಹಾಸನದಿಂದಲೇ ಕಣ್ಣು ಬಿಟ್ಟಳು. "ಅವ ಅಲ್ಲೇ ಇರ್ಲಿ. ಆರ್ ತಿಂಗ್ಳ್ ನೀವಿಬ್ರೂ ಗಾಡಿ ಅಡಿಗ್ ಮಲ್ಕಂಡ್ ಹುಡ್ಕಿರಿ, ಸಿಕ್ಕಿತಾ? ನಾ ಒಂದ್ ಕುಂಕುಮದಲ್ಲ್ ಸಮ ಮಾಡ್ದೆ. ಇನ್ನ್ ಮೇಲೆ ಗಾಡಿ ಹಾಳಾರೆ ಕುಂದಾಪ್ರಕ್ಕೆಲ್ಲ ಹೋಯ್ಬೇಡಿ. ನನ್ನ್ ಹತ್ರ ತನ್ನಿ!"

ಇಷ್ಟು ಹೊತ್ತು ಓದಿದ ನಿಮ್ಮೆಲ್ಲರ ಮೊಣಕಾಲಿಗೆ ಬಲ ಇರಲಿ, ಮನೆಯ ಹಿರಿಯರ ಆಸೆ ಅವರು ಇರುವಾಗಲೇ ಕೈಗೂಡಲಿ. ನೀವು ಅಡ್ಡಬಿದ್ದಲ್ಲೆಲ್ಲ ಆ ವಿಘ್ನರಾಜ ನಿಮ್ಮನ್ನು ಕೈ ಹಿಡಿದು ಎಬ್ಬಿಸಲಿ.